ಕಲ್ಲಿನ ಕಮಾನಿನ ಕೆಳಗೆ ಹಳದಿ ದುಪಟ್ಟಾ

ಕಳೆದ ಭಾನುವಾರ ಬಿಶಾನ್‌ನ ಒಂದು ಫೋಟೋ ಪ್ರದರ್ಶನದಲ್ಲಿ ನಿಂತು ನಾನು ನಗುತ್ತಿದ್ದೆ. ನಗುತ್ತಿದ್ದುದು ಹಲ್ಲು ಮಾತ್ರ. ಹೊಟ್ಟೆ ಧಗಧಗ ಉರಿಯುತ್ತಿತ್ತು.

ಎದುರಿಗಿದ್ದ ಫೋಟೋ ನನ್ನ ಗೆಳತಿ ವಿನುತಾಳದು. ಮರುಭೂಮಿಯ ನಡುವೆ ಗಾಳಿ, ಮರಳು ಸೇರಿ ಕೊರೆದ ಕೆಂಪು ಕಲ್ಲಿನ ಕಮಾನು. ಪಕ್ಕದಲ್ಲಿ ರಿಬ್ಬನ್: ಫಸ್ಟ್ ಪ್ರೈಜ್. ಅದೇ ಕಲ್ಲು, ಅದೇ ಬೆಳಗು. ನಾನೂ ತೆಗೆದಿದ್ದೆ. ನನ್ನದು ಎಲ್ಲಿತ್ತು ಗೊತ್ತೇ? ಆಯ್ಕೆಯೇ ಆಗದೆ ಮನೆಯ ಕಂಪ್ಯೂಟರಿನಲ್ಲಿ ಮಲಗಿತ್ತು.

ವಿನುತಾ ಮೈಸೂರಿನವಳು, ಈ ಪರದೇಶದಲ್ಲಿ ಮನೆ ಬುಕಿತ್ ಪಂಜಾಂಗ್‌ನಲ್ಲಿ. ನಾನು ಧಾರವಾಡದವಳು, ಹೌಗಾಂಗ್ ನಿವಾಸಿ. ಇಬ್ಬರೂ ಒಂದೇ ಆಫೀಸು. ಈಗ ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾಗಳ ಸುಗ್ಗಿಯಲ್ಲವೇ? ಬೋನಸ್ ಬಂದವರ ಕತ್ತಿನಲ್ಲೆಲ್ಲ ಒಂದೊಂದು ತೂಗಾಡುತ್ತಿದೆ. ನಾವೂ ಕೊಂಡೆವು. ಒಟ್ಟಿಗೇ ಫೋಟೋಗ್ರಫಿ ಕ್ಲಾಸಿಗೆ ಸೇರಿದೆವು. ಮಕ್ಕಳನ್ನು ಗಂಡಂದಿರಿಗೆ ಒಪ್ಪಿಸಿ ಜೋರ್ಡಾನ್‌ನ ಮರುಭೂಮಿಗೂ ಹೋಗಿ ಬಂದೆವು. (ಆ ವಾರವೆಲ್ಲ ಮಕ್ಕಳಿಗೆ ಹಾಕರ್ ಸೆಂಟರಿನ ಅಗ್ಗದ ಅಂಗಡಿ ಊಟವೇ ಗತಿಯಾಗಿತ್ತೆಂದು ಆಮೇಲೆ ತಿಳಿಯಿತು.)

ತಯಾರಿಯೆಲ್ಲ ನನ್ನದು. ಯಾವ ಕಲ್ಲಿಗೆ ಎಷ್ಟು ಹೊತ್ತಿಗೆ ಬಿಸಿಲು ತಾಗುತ್ತದೆ, ಯಾವ ಲೆನ್ಸ್ ಬೇಕು, ಪರೀಕ್ಷೆಗೆ ಓದಿದಂತೆ ಓದಿದ್ದೆ. ವಿನುತಾ? ಟ್ರೈಪಾಡ್ ಕೂಡ ತಂದಿರಲಿಲ್ಲ. "ನೀನಿದ್ದೀಯಲ್ಲ ಕಣೇ, ಬಿಡು" ಅಂದಳು.

ಆ ಬೆಳಗ್ಗೆ ಕಮಾನಿನ ಬುಡದಲ್ಲೇ ಟ್ರೈಪಾಡ್ ಊರಿ ಕಾದೆ. ವಿನುತಾ ಮರಳಿನಲ್ಲಿ ಕಾಲೆಳೆಯುತ್ತ ದೂರದ ದಿಬ್ಬವೊಂದನ್ನು ಹತ್ತಿದಳು. ಬಿಸಿಲು ಬಿತ್ತು ನೋಡಿ, ಕಲ್ಲು ಕೆಂಡದಂತಾಯಿತು. ಅಷ್ಟರಲ್ಲಿ ದಿಬ್ಬದ ಮೇಲಿಂದ ಅವಳು ಏನೋ ಕೂಗಿದಳು. ಗಾಳಿಗೆ ಒಂದಕ್ಷರವೂ ಕೇಳಲಿಲ್ಲ. ಕೈ ಬೀಸುತ್ತಿದ್ದಳು. ಫ್ರೇಮಿಗೆ ಅಡ್ಡ ಬಂದಿದ್ದೇನೆ, ಪಕ್ಕಕ್ಕೆ ಸರಿ ಅನ್ನುತ್ತಿದ್ದಾಳೆ ಎಂದುಕೊಂಡೆ.

ಯಾಕೆ ಸರಿಯಬೇಕು? ಮೊದಲು ಬಂದವಳು ನಾನು. ಅಲ್ಲದೆ, ಮೇಲೆ ಅವಳಿಗೆ ನನಗಿಂತ ಒಳ್ಳೆಯ ಆಂಗಲ್ ಸಿಕ್ಕಿಬಿಟ್ಟಿದೆ ಎಂಬ ಸಂಕಟ ಬೇರೆ. ನೋಡಿಯೂ ನೋಡದವಳಂತೆ ಅಲ್ಲೇ ನಿಂತೆ. ಕೆಡಲಿ ಅವಳ ಫೋಟೋ!

ಕೆಟ್ಟಿತೇ?

ಪ್ರದರ್ಶನದಲ್ಲಿ ನಮ್ಮ ಕ್ಲಾಸಿನ ಚೀನೀ ಅಂಕಲ್ ಎಲ್ಲರಿಗೂ ಬೆರಳಿಟ್ಟು ತೋರಿಸುತ್ತಿದ್ದರು. ಕಮಾನಿನ ಕೆಳಗೊಂದು ಪುಟ್ಟ ಆಕೃತಿ ಇದೆಯಲ್ಲ, ಅದಿಲ್ಲದಿದ್ದರೆ ಈ ಕಲ್ಲು ಎಷ್ಟು ದೊಡ್ಡದೆಂದೇ ತಿಳಿಯುತ್ತಿರಲಿಲ್ಲ, ಈ ಫೋಟೋದ ಜೀವವೇ ಅದು ಎಂದರು. ಬಗ್ಗಿ ನೋಡಿದೆ. ಇರುವೆಯಷ್ಟು ಗಾತ್ರದ ಹೆಂಗಸು. ಗಾಳಿಗೆ ಹಾರುವ ಹಳದಿ ದುಪಟ್ಟಾ.

ಮಗಳು ಅನನ್ಯಾ ಹಾಲಿಗೆಲ್ಲ ಕೇಳುವಂತೆ ಕಿರುಚಿದಳು: "ಅಮ್ಮಾ, ದಟ್ ಒನ್ ಯು ಲಾ!"

ನನ್ನ ಫೋಟೋದಲ್ಲಿ ಯಾರೂ ಇರಲಿಲ್ಲ. ಕಲ್ಲು ಬರೀ ಕಲ್ಲಾಗಿತ್ತು. ಶಾರ್ಪ್ ಆಗಿತ್ತು, ಅಷ್ಟೇ.

ವಿನುತಾ ಓಡಿ ಬಂದು ತಬ್ಬಿಕೊಂಡಳು. "ಎಷ್ಟ್ ಚೆನ್ನಾಗ್ ನಿಂತ್ಕೊಂಡೆ ಕಣೇ! ಅಲ್ಲಾಡ್ಬೇಡ, ಅಲ್ಲೇ ಇರು ಅಂತ ಕೂಗ್ತಾನೇ ಇದ್ದೆ. ನಿಂಗೆ ಕೇಳಿಸ್ತೋ ಇಲ್ವೋ ಅಂತ ಭಯ ಆಗಿತ್ತು."

"ಕೇಳಿಸ್ತು" ಅಂದೆ. (ಇನ್ನೇನು ಹೇಳಲಿ?)

"ಮುಂದಿನ ವರ್ಷ ನಮೀಬಿಯಾಗೆ ಬುಕ್ ಮಾಡೋಣ. ಅಲ್ಲೂ ಕಲ್ಲುಗಳು ಸಖತ್ತಾಗಿವೆಯಂತೆ. ನೀನಿಲ್ದಿದ್ರೆ ನಂಗೆ ಫೋಟೋನೇ ಬರಲ್ಲ."

ಮಾತಿನಲ್ಲಿ ಒಂದಿಷ್ಟೂ ಕೊಂಕಿರಲಿಲ್ಲ. ಕಷ್ಟವಿರುವುದೇ ಅಲ್ಲಿ. ಕೊಂಕಿದ್ದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಎಂಆರ್‌ಟಿ ರೈಲಿನಲ್ಲಿ ವಾಪಸು ಬರುವಾಗ ನನ್ನ ಗಂಡ, "ಒಳ್ಳೇ ಹುಡುಗಿ, ಅಲ್ವಾ?" ಎಂದರು. ನಾನು ಕಿಟಕಿಯ ಕಡೆ ತಿರುಗಿದೆ.

ನಾನು ಕೆಡಿಸಲು ನಿಂತರೂ ಪ್ರೈಜ್ ಹೊಡೆದು, ಅದಕ್ಕೆ ಥ್ಯಾಂಕ್ಸ್ ಬೇರೆ ಹೇಳುವ ಗೆಳತಿಯ ಮೇಲೆ ನೆಮ್ಮದಿಯಾಗಿ ಹೊಟ್ಟೆಕಿಚ್ಚು ಪಡುವುದಾದರೂ ಹೇಗೆ, ನೀವೇ ಹೇಳಿ?