ಗೋಡೆಯಿಂದ ಎದ್ದ ಲಕ್ಷ್ಮಿ

ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ನಮ್ಮ ಯಜಮಾನರು ರೇವಣಸಿದ್ದಪ್ಪನವರ ಹೆಸರೆತ್ತಿದರೆ ಜನ ನಗುತ್ತಾರೆ. ತಾವೇ ಆರಿಸಿ ತಂದ ಕಾಯನ್ನೂ ಕಿವಿಗೆ ಹಿಡಿದು ಅಲ್ಲಾಡಿಸಿ, ಒಳಗೆ ಒಣಗಿದ ಕೊಬ್ಬರಿ ಗಿಟುಕು ಸದ್ದು ಮಾಡಿದ ಮೇಲೇ ನಂಬುವ ಮನುಷ್ಯ. ನಾನು ಕೊಟ್ಟ ಕಾಫಿಯನ್ನೂ ಸಕ್ಕರೆ ಹಾಕಿದ್ದೀಯಾ ಎಂದು ಕೇಳಿಯೇ ಕುಡಿಯುತ್ತಾರೆ. ಇವರ ಜೊತೆ ಸಂಸಾರ ಮಾಡಿ ನನಗೆ ಸಾಕಾಗಿಹೋಗಿದೆ.

ಇಂಥವರಿಗೆ ಜಪಾನಿನ ಹಳೇ ಪಿಂಗಾಣಿಯ ಹುಚ್ಚು. ಹೂದಾನಿ, ತಟ್ಟೆ, ದೇವರ ಮನೆಯ ಗೋಡೆಗೆ ಕೂರಿಸುತ್ತಿದ್ದ ಬಣ್ಣದ ಬಿಲ್ಲೆ, ಏನಾದರೂ ಸರಿ. ಯಾವ ಹಳೇ ಮನೆ ಕೆಡವಿದರೂ ಅಲ್ಲಿ ಹಾಜರು. ಬೆನ್ನಿನ ಮೇಲೆ ಜಪಾನಿನ ಅಚ್ಚು ಕಾಣದೆ ಯಾವುದನ್ನೂ ಒಳಗೆ ತರುವವರಲ್ಲ.

ನಮ್ಮ ಮಾವನವರ ಬಳಿ ಲಕ್ಷ್ಮಿ, ಸರಸ್ವತಿಯರ ಚಿತ್ರವಿದ್ದ ಅಂಥ ಜೋಡಿ ಬಿಲ್ಲೆಯಿತ್ತು. ಸರಸ್ವತಿ ನಮ್ಮಲ್ಲೇ ಉಳಿದಳು. ಲಕ್ಷ್ಮಿಯನ್ನು ಅವರು ಮಗಳು, ಅಂದರೆ ಇವರ ಅಕ್ಕ ಗುರುಸಿದ್ದಮ್ಮನಿಗೆ ಮದುವೆಯಲ್ಲಿ ಕೊಟ್ಟು, ಬಾಣಾವರದ ಅವರ ದೇವರ ಮನೆಯ ಗೋಡೆಗೆ ತಾವೇ ನಿಂತು ಕೂರಿಸಿದ್ದರು. ಅದಕ್ಕೆ ದೀಪ ಹಚ್ಚದೆ ನಮ್ಮ ಅತ್ತಿಗೆ ಬಾಯಿಗೆ ನೀರು ಹಾಕಿದವರಲ್ಲ. ಜೋಡಿ ಒಂದಾಗಬೇಕೆಂದು ಇವರು ಕನವರಿಸುತ್ತಿದ್ದರು.

ಹೋದ ವರ್ಷ ಅತ್ತಿಗೆಯೇ ಫೋನ್ ಮಾಡಿದರು. ದೇವರ ಮನೆ ರಿಪೇರಿಯಿದೆ, ನಿನಗೆ ಆಸೆಯಿದೆಯಲ್ಲ, ಬಂದು ತಗೊಂಡು ಹೋಗು ಎಂದರು. ಸಂತೋಷಪಡುವುದು ಬಿಟ್ಟು ಇವರು ಬಸ್ಸಿನುದ್ದಕ್ಕೂ ಗೊಣಗಿದರು: ಇಷ್ಟು ವರ್ಷ ಕೊಡದವಳು ಈಗ್ಯಾಕೆ ಕೊಡುತ್ತಾಳೆ? ಅನುಮಾನಂ ಪೆದ್ದರೋಗಂ ಅಂತ ಸುಮ್ಮನೆ ಹೇಳುತ್ತಾರೆಯೇ!

ಹೋದವರೇ ಕುಶಲ ಕೂಡ ಕೇಳಲಿಲ್ಲ. ಬೆರಳ ಗೆಣ್ಣಿನಿಂದ ಬಿಲ್ಲೆಯನ್ನು ಬಡಿದು ಕಿವಿ ಕೊಟ್ಟರು, ಥೇಟ್ ಕಾಯಿ ಪರೀಕ್ಷೆ. ಗಾರೆಯಲ್ಲಿ ಕೂತ ಬಿಲ್ಲೆ ಠಣ್ ಎನ್ನುತ್ತದೆಯೇ? ಡಬ್ ಎಂದಿತು.

"ಇದು ಅಪ್ಪ ಕೊಟ್ಟಿದ್ದಲ್ಲ ಕಣಕ್ಕ," ಎಂದರು. "ಅಸಲಿ ಯಾರಿಗೆ ಮಾರ್ದೆ?"

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ. ಅತ್ತಿಗೆಯ ಮುಖ ಕಪ್ಪಿಟ್ಟಿತು. ಒಳಗಿನಿಂದ ಉಳಿ ತಂದು, ಸುತ್ತಲಿನ ಗಾರೆ ಕೆತ್ತಿ, ಬಿಲ್ಲೆಯನ್ನು ಇಡಿಯಾಗಿ ಬಿಡಿಸಿ ತಮ್ಮನ ಕೈಗಿಟ್ಟರು. ಇವರು ತಿರುಗಿಸಿ ಉಜ್ಜಿದರು. ಅಚ್ಚು ಸ್ಪಷ್ಟವಾಗಿತ್ತು. ಅಸಲಿಯೇ ಎಂದು ಹಲ್ಲು ಬಿಟ್ಟರು.

"ಲಕ್ಷ್ಮೀನೂ ನೋಡಾಯ್ತು, ನನ್ನೂ ನೋಡಾಯ್ತು. ತಗೊಂಡೋಗು," ಎಂದರು ಅತ್ತಿಗೆ. "ಇನ್ಮೇಲೆ ನಂಗೆ ತವರು ಐತೆ ಅಂತ ಅನ್ಕಳಲ್ಲ."

ಜೋಡಿ ಈಗ ನಮ್ಮ ಗಾಜಿನ ಬೀರುವಿನಲ್ಲಿದೆ. ಗೌರಿ ಹಬ್ಬಕ್ಕೆ ನಾನೇ ಮೊರದ ಬಾಗಿನ ಕಟ್ಟಿ ಬಾಣಾವರಕ್ಕೆ ಕಳಿಸಿದೆ. ಕಟ್ಟಿದ ದಾರ ಕೂಡ ಬಿಚ್ಚದೆ ಅದು ಅಂದೇ ವಾಪಸ್ ಬಂತು. ತವರಿನ ಬಾಗಿನ ತಿರುಗಿ ಬಂದದ್ದನ್ನು ನಾನೆಂದೂ ಕಂಡಿರಲಿಲ್ಲ. ನಡುಮನೆಯಲ್ಲಿ ಕೂತು ಅತ್ತುಬಿಟ್ಟೆ. ಇವರು ಪಕ್ಕದಲ್ಲಿ ಕೂತರು. ಮೆಲ್ಲಗೆ ದಾರ ಬಿಚ್ಚಿ, ಮೇಲಿನ ಮೊರ ಎತ್ತಿ, ಒಳಗೇನಾದರೂ ಕಡಿಮೆಯಾಗಿದೆಯೇ ಎಂದು ನೋಡಿದರು.