ಗುರುಬಾಯಿ ಆಯಿ ಮೊರಕ್ಕೆ ಹೇಳಿದ ಗಾದೆಗಳು

ಸೋಮವಾರ, ಬೆಳಗ್ಗೆ ಆರೂವರೆಗೆ ಬರೆಯಲು ಕುಳಿತೆ.

ಸೇಡಂನ ನಮ್ಮ ಓಣಿಯ ಗುರುಬಾಯಿ ಆಯಿ ಯಾರ ಮುಖ ನೋಡಿಯೂ ಗಾದೆ ಹೇಳುತ್ತಿರಲಿಲ್ಲ. ಮೊರ ನೋಡಿ ಹೇಳುತ್ತಿದ್ದಳು. ಕಟ್ಟೆಯ ಮೇಲೆ ತೊಗರಿ ಹಸನು ಮಾಡುವ ಹೆಂಗಸರ ನಡುವೆ ಕೂತು, ಕಲ್ಲು ಆರಿಸುತ್ತಲೇ ಒಂದು ಮಾತು ಉದುರಿಸುವಳು. ತಾಗಬೇಕಾದವರಿಗೆ ತಾಗುತ್ತಿತ್ತು, ಉಳಿದವರು ನಗುತ್ತಿದ್ದರು. "ಯಾರಿಗಂದಿ ಆಯಿ?" ಎಂದರೆ, "ಮೊರಕ್ಕ ಅಂದೀನಿ. ನಿನಗ್ಯಾಕ ಉರಿ?" ಎನ್ನುವಳು.

ಪಕ್ಕದ ಮನೆಯವಳಾದ ನಾನು ಎರಡು ವರ್ಷದಲ್ಲಿ ನಲವತ್ತೊಂದು ಗಾದೆ ಬರೆದುಕೊಂಡೆ. ತಾರೀಖು, ಗಾದೆ, ಯಾರಿಗೆ ಎಂದು ಮೂರು ಕಲಂ. ಮೂರನೆಯದನ್ನು ಊಹಿಸಿ ತುಂಬುತ್ತಿದ್ದೆ.

ಒಂದು ದಿನ ಆಯಿ, "ಬಿತ್ತದ ಹೊಲಕ್ಕ ಬೆದರಗೊಂಬಿ ಯಾಕ?" ಎಂದಳು. ಎದುರಿಗೆ ಅವಳ ಸೊಸೆ ಮಹಾದೇವಿ ತನ್ನ ತಂಗಿಯ ಕೂಸಿಗೆ ಕುಲಾಯಿ ಹೊಲಿಯುತ್ತಿದ್ದಳು. ಮದುವೆಯಾಗಿ ಆರು ವರ್ಷವಾದರೂ ಅವಳಿಗೆ ಮಕ್ಕಳಿರಲಿಲ್ಲ. ನಾನು ಅವಳ ಹೆಸರು ಬರೆದೆ. ಮರುವಾರ ಅವಳೇ ಬಂದು, "ನಮ್ಮತ್ತಿ ಗಾದಿ ಓದ್ರಿ ಅಕ್ಕಾ, ಕೇಳತೀನಿ" ಎಂದಳು. ಓದುವ ಭರದಲ್ಲಿ ಹೆಸರನ್ನೂ ಓದಿಬಿಟ್ಟೆ. ಮಹಾದೇವಿ ಎದ್ದುಹೋದಳು. ಆಮೇಲೆ ಅತ್ತೆಯ ಜೊತೆ ಕಟ್ಟೆಗೆ ಬರಲಿಲ್ಲ.

ಆಯಿ ನನ್ನನ್ನು ಕರೆಸಿದಳು. "ಅದು ನಿನಗ ಅಂದಿದ್ನೆವ್ವ. ಕೋಡ್ಲಾದ ನೌಕ್ರಿಗಿ ಇನ್ನಾ ಅರ್ಜಿನೇ ಹಾಕಿಲ್ಲ, ಆಗಲೇ ಬಸ್ಸಿನ ಟೈಮ್ ಬರಕೊಂಡು ಅಡ್ಡಾಡಾಕತ್ತಿದ್ದಿ. ಗಾದಿಗಿ ಹೆಸರ ಹಚ್ಚಬಾರದು. ಹೆಸರ ಇಲ್ಲಂದ್ರ ಬುದ್ಧಿಮಾತು, ಹಚ್ಚಿದ್ರ ಬೈಗುಳ."

ಅದನ್ನೇ ಹೋಗಿ ಮಹಾದೇವಿಗೆ ಹೇಳಿದೆ. "ಈಗ ಹೇಳ್ತೀರೇನ್ರಿ ಅಕ್ಕಾ?" ಎಂದಳು, ಅಷ್ಟೇ.

ನಂತರವೂ ಆಯಿ ನನಗೆ "ಕುಂದ್ರು, ಚಾ ಕುಡಿ" ಎನ್ನುತ್ತಿದ್ದಳು. ಆದರೆ ನಾನಿದ್ದಾಗ ಅವಳ ಬಾಯಲ್ಲಿ ಒಂದು ಗಾದೆಯೂ ಬರಲಿಲ್ಲ. ಏಳು ತಿಂಗಳು ಹಾಗೇ ಕಳೆಯಿತು. ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಅತ್ತೆ ಸೊಸೆ ಮತ್ತೆ ಒಂದೇ ಕಟ್ಟೆಯ ಮೇಲೆ ಕೂತದ್ದನ್ನು ನಾನು ಕೊನೆಯವರೆಗೂ ನೋಡಲಿಲ್ಲ.

ಆಯಿಯ ತವರು ಐನಾಪುರದಲ್ಲಾಗಲಿ, ಚಿತ್ತಾಪುರದ ಸಂತೆಯಲ್ಲಾಗಲಿ ಅವಳ ಗಾದೆ ಕೇಳಿದವರಿದ್ದರೆ ಬರೆದು ಕಳಿಸಿ. ಗಾದೆಯಷ್ಟೇ ಸಾಕು. ಯಾರಿಗೆ ಅಂದದ್ದೆಂದು ಗೊತ್ತಿದ್ದರೂ ಬರೆಯಬೇಡಿ.