ಮುನಿತಾಯಮ್ಮನ ಹಿತ್ತಿಲು

ಕಳೆದ ಚುನಾವಣೆಯಲ್ಲಿ ನನ್ನ ಮತಗಟ್ಟೆ ಜಯನಗರದಲ್ಲಿ ನಾನು ಓದಿದ ಕಾಲೇಜಿನಲ್ಲೇ ಇತ್ತು. ಸಾಲಿನಲ್ಲಿ ನಿಂತಿದ್ದಾಗ ಫಿನಾಯಿಲ್ ವಾಸನೆ ಬಂತು. ಮುಂದಿದ್ದ ಹುಡುಗಿ ದುಪಟ್ಟಾ ಮೂಗಿಗೆ ಒತ್ತಿಕೊಂಡಳು. ನಾನೋ, ಹಬ್ಬದಡುಗೆಯ ಘಮ ಬಂದಂತೆ ಉಸಿರೆಳೆದುಕೊಂಡೆ. ನಗಬೇಡಿ. ಆ ವಾಸನೆ ‘ಮಹಿಳೆಯರಿಗೆ’ ಎಂದು ಬರೆದ ಬಾಗಿಲಿನಿಂದ ಬರುತ್ತಿತ್ತು. ನಾನು ಸೇರಿದಾಗ ಆ ಬಾಗಿಲೇ ಇರಲಿಲ್ಲ.

ಅರವತ್ತರ ದಶಕದ ಮಾತು. ಬಡಾವಣೆ ಇನ್ನೂ ಅರ್ಧ ಸೈಟು, ಅರ್ಧ ರಾಗಿ ಹೊಲ. ಕಾಲೇಜೆಂದರೆ ಶೀಟು ಹೊದಿಸಿದ ನಾಲ್ಕು ಕೋಣೆ. ಹುಡುಗರು ಎಷ್ಟೋ ಮಂದಿ, ಹುಡುಗಿಯರು ಐದೇ ಜನ. ಹುಡುಗರಿಗೆ ಹೊಲದ ಬೇಲಿ ಸಾಕಾಗುತ್ತಿತ್ತು. ನಮ್ಮ ಪಾಡೇನೆಂದು ಯಾರಿಗೂ ಹೊಳೆದಿರಲಿಲ್ಲ. ನಾವೂ ಬಾಯಿಬಿಟ್ಟು ಹೇಳಲಿಲ್ಲ. ಮೊದಲು ಬೆಳಗಿನ ಕಾಫಿ ಬಿಟ್ಟೆವು, ಆಮೇಲೆ ನೀರನ್ನೂ ಬಿಟ್ಟೆವು. ನೀರಿನ ಸೂತ್ರವನ್ನು ನೋಟ್ಸಿನಲ್ಲಿ ಬರೆದುಕೊಳ್ಳುತ್ತಿದ್ದೆವೇ ಹೊರತು, ಸಂಜೆಯವರೆಗೆ ಒಂದು ಗುಟುಕು ಕುಡಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಗೆಳತಿ ಸರೋಜಾ ಲ್ಯಾಬಿನಲ್ಲಿ ತಲೆಸುತ್ತಿ ಬಿದ್ದಳು. ಮೇಷ್ಟ್ರು ಓಡಿಬಂದು ನೀರು ಕೊಟ್ಟರು.

“ಬೇಡ ಸಾರ್,” ಎಂದಳು.

“ಯಾಕಮ್ಮ? ಕುಡಿ.”

ಅವಳು ಅಳತೊಡಗಿದಳು. ಆಗ ಅವರಿಗೆ ಅರ್ಥವಾಯಿತು.

ಪ್ರಿನ್ಸಿಪಾಲರು ಒಳ್ಳೆಯವರು. ಐವರನ್ನೂ ಕರೆಸಿ, “ತಪ್ಪು ನಮ್ದೇ ಕಣಮ್ಮ. ಹೊಸ ಕಟ್ಟಡ ಆಗೋವರೆಗೂ ನೀವು ಪೇಟೆ ಕಡೆ ಹೆಣ್ಮಕ್ಕಳ ಕಾಲೇಜಿಗೆ ಸೇರ್ಕೊಳ್ಳಿ. ಕಾಗದ ನಾನೇ ಬರ್ಕೊಡ್ತೀನಿ,” ಎಂದರು. ಮನೆಯಲ್ಲಿ ಅಪ್ಪ ಒಂದೇ ಮಾತಿಗೆ ಮುಗಿಸಿದರು: “ಎರಡು ಬಸ್ ಹತ್ತಿ ಹೋಗಿ ಓದೋದೇನೂ ಬೇಡ. ಓದಿದ್ದು ಸಾಕು.” ತುಮಕೂರಿನವರು ಯಾರೋ ಆಗಲೇ ನನ್ನ ಜಾತಕ ಕೇಳಿದ್ದರು.

ಮರುದಿನ ಆ ಕಾಗದಕ್ಕಾಗಿ ಐವರೂ ಗೇಟಿನ ಬಳಿ ಕಾಯುತ್ತಿದ್ದೆವು; ಅಪ್ಪ ಬೇಡವೆಂದಿದ್ದರೂ ಆಸೆ ಬಿಡದೆ ನಾನೂ ಹೋಗಿದ್ದೆ. ಎದುರು ಮನೆಯ ಮುನಿತಾಯಮ್ಮ ಸಗಣಿ ಬಾಚುತ್ತಿದ್ದವರು ತಲೆಯೆತ್ತಿದರು. ಬಡಾವಣೆ ಬರುವ ಮೊದಲಿನಿಂದಲೂ ಅಲ್ಲೇ ಹಸು ಕಟ್ಟಿಕೊಂಡಿದ್ದ ಹೆಂಗಸು.

“ಯಾಕ್ರವ್ವಾ, ಎಲ್ರೂ ಹಿಂಗ್ ಮುಖ ಊದಿಸ್ಕೊಂಡಿದ್ದೀರ?”

ಸರೋಜಾ ಪಿಸುಮಾತಿನಲ್ಲಿ ಎಲ್ಲವನ್ನೂ ಹೇಳಿದಳು.

“ಇಷ್ಟಕ್ಕೆ ಓದು ಬಿಡ್ತೀರಾ? ನಮ್ ಹಿತ್ಲಲ್ಲಿ ಐತಲ್ಲ! ಬಾಗ್ಲು ತೆಗ್ದಿರ್ತೀನಿ, ಬನ್ನಿ.”

ಅಷ್ಟಕ್ಕೇ ನಿಲ್ಲಲಿಲ್ಲ. ಸೆರಗು ಸಿಕ್ಕಿಸಿಕೊಂಡು, ಸಗಣಿಗೈಯಲ್ಲೇ ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದರು. “ಕಾಗ್ದ ಬರೀಬ್ಯಾಡಿ ಸ್ವಾಮಿ. ಈ ಮಕ್ಳು ಇಲ್ಲೇ ಓದ್ಲಿ.” ಪ್ರಿನ್ಸಿಪಾಲರು ಎದ್ದು ನಿಂತು ಕೈಮುಗಿದರು. ಅಂದು ಸಂಜೆ ಅವರೇ ನಮ್ಮ ಮನೆಗೆ ಬಂದು ಅಪ್ಪನನ್ನು ಒಪ್ಪಿಸಿದರು.

ಮುಂದಿನ ವರ್ಷವೇ ಮುಗಿಯುತ್ತದೆಂದಿದ್ದ ಹೊಸ ಕಟ್ಟಡಕ್ಕೆ ಎರಡು ವರ್ಷ ಹಿಡಿಯಿತು. ಅಷ್ಟೂ ದಿನ ಮುನಿತಾಯಮ್ಮ ಬಾವಿಯಿಂದ ನೀರು ಸೇದಿ ತೊಟ್ಟಿ ತುಂಬಿಸಿಡುತ್ತಿದ್ದರು. ಹಾಯುವ ಹಸುವನ್ನು ನಮಗಾಗಿ ಆಚೆ ಕಟ್ಟುತ್ತಿದ್ದರು. ಮಜ್ಜಿಗೆ ಕುಡಿಯದಿದ್ದರೆ ಬೈಯುತ್ತಿದ್ದರು.

ಕಟ್ಟಡ ಬಂತು, ಹೆಣ್ಣುಮಕ್ಕಳಿಗೊಂದು ಕೋಣೆಯೂ ಬಂತು. ಪ್ರಾರಂಭೋತ್ಸವದಲ್ಲಿ ನಾವು ಐವರೂ ರೇಷ್ಮೆ ಸೀರೆಯುಟ್ಟು ಪ್ರಾರ್ಥನೆ ಹಾಡಿದೆವು. ಮುನಿತಾಯಮ್ಮನನ್ನು ಯಾರೂ ಕರೆದಿರಲಿಲ್ಲ. ನಮಗೂ ನೆನಪಾಗಲಿಲ್ಲ. ಕೆಲವು ದಿನಗಳ ಮೇಲೆ ರಸ್ತೆಯಲ್ಲಿ ಸಿಕ್ಕರು.

“ಬರೋದೇ ಬಿಟ್ರಲ್ರವ್ವಾ. ತೊಟ್ಟಿ ತುಂಬ್ಸಿಟ್ಟಿದ್ದೆ.”

“ಬರ್ತೀವಮ್ಮ,” ಎಂದೆ. ಹೋಗಲಿಲ್ಲ. ಪರೀಕ್ಷೆಯ ಗಡಿಬಿಡಿ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಅಗತ್ಯ ತೀರಿದ ಮೇಲೆ ಆ ಮನೆಯ ನಂಟು ಹೇಳಿಕೊಳ್ಳಲು ನಾಚಿಕೆಯಾಗುತ್ತಿತ್ತು. ಮುಂದೆ ಕೆಮಿಸ್ಟ್ರಿ ಮೇಡಂ ಆಗಿ, ನಿವೃತ್ತಿಯಾಗುವವರೆಗೆ ಮಕ್ಕಳಿಗೆ ಏನೇನೋ ಹೇಳಿದೆ. ಇದನ್ನು ಮಾತ್ರ ಹೇಳಲಿಲ್ಲ.

ಓಟು ಹಾಕಿ ಹೊರಬಂದವಳು ರಸ್ತೆ ದಾಟಿದೆ. ಆ ಮನೆ ಈಗ ಮೂರಂತಸ್ತು. ನರೆಗೂದಲಿನ ಹೆಂಗಸೊಬ್ಬರು ಬಾಗಿಲು ತೆರೆದರು. ಮುನಿತಾಯಮ್ಮನ ಸೊಸೆಯಂತೆ.

“ಅತ್ತೆ ಹೋಗಿ ಬಾಳ ವರ್ಷ ಆಯ್ತಲ್ಲ ಮೇಡಂ. ನೀವ್ಯಾರು ಗೊತ್ತಾಗ್ಲಿಲ್ಲ.”

“ಎದುರು ಕಾಲೇಜಲ್ಲಿ ಓದ್ತಿದ್ದೆ. ಮೊದಲನೇ ಬ್ಯಾಚು.”

ಅವರು ನನ್ನ ಮುಖವನ್ನೇ ನೋಡಿದರು. “ಆ ಐದು ಜನದಲ್ಲಿ ಒಬ್ರಾ? ಅತ್ತೆ ಹೇಳೋರು. ಬನ್ನಿ, ಒಳಗ್ ಬನ್ನಿ, ಕೂತ್ಕೊಳ್ಳಿ.”

ಎರಡು ವರ್ಷ ದಿನವೂ ಪಕ್ಕದ ಓಣಿಯಿಂದ ಹಿತ್ತಿಲಿಗೆ ನುಸುಳಿ, ಬಂದ ದಾರಿಯಲ್ಲೇ ಓಡಿಹೋಗುತ್ತಿದ್ದ ಮನೆ. ಮುಂಬಾಗಿಲಿನಿಂದ ಒಳಗೆ ಹೋಗಿ ನಾನು ಅಲ್ಲಿ ಕುಳಿತದ್ದು ಅದೇ ಮೊದಲು.